ಶಶಿಪ್ರಭಾ ಟಾಕೀಸಿನಲ್ಲಿ ಮಾತಾಡಿದ ಅಪರಾಧ

ಚಿತ್ರಮಂದಿರಗಳ ಪರವಾನಗಿ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಕುರ್ಲಾ ಸ್ಟೇಶನ್ನಿನ ಬಳಿಯ ಶಶಿಪ್ರಭಾ ಟಾಕೀಸಿಗೆ ನೀವು ಬೀಗ ಜಡಿದು ಆರು ಭಾನುವಾರಗಳಾದವು. ಬರುವ ಗುರುವಾರದ ವಿಚಾರಣೆಯಲ್ಲಿ ಪರವಾನಗಿಯನ್ನೇ ರದ್ದು ಮಾಡುವಿರಂತೆ. ಹಾಗಾದರೆ ಮಾಲೀಕ ರೋಶನ್ ಜಾಗವನ್ನು ಬಿಲ್ಡರಿಗೆ ಕೊಡುವುದು ಖಂಡಿತ. ಬಾಗಿಲಿಗೆ ಅಂಟಿಸಿದ ಆದೇಶದಲ್ಲಿ ಕಾರಣವನ್ನೂ ಬರೆದಿದ್ದೀರಿ: 'ಪ್ರದರ್ಶನದ ನಡುವೆ ದೀಪ ಹಾಕಿ, ಅನುಮತಿಯಿಲ್ಲದ ವ್ಯಕ್ತಿಯೊಬ್ಬನು ಪ್ರೇಕ್ಷಕರನ್ನು ಉದ್ದೇಶಿಸಿ ಮಾತನಾಡುತ್ತಾನೆ.' ಅಬ್ಬಬ್ಬಾ! ಬಾಯ್ದೆರೆದ ಗಟಾರ ದಾಟಿಕೊಂಡು ಒಳಗೆ ಬಂದ ನಿಮ್ಮ ಇನ್‌ಸ್ಪೆಕ್ಟರರಿಗೆ ಇಡೀ ಕುರ್ಲಾದಲ್ಲಿ ಕಂಡ ಅಪಾಯ ಇದೊಂದೇ.

ಆ ವ್ಯಕ್ತಿ ಯಾರೆಂದು ಬಲ್ಲಿರಾ? ಹೆಸರು ಅಣವೀರಪ್ಪ. ಕಲಬುರಗಿ ಕಡೆಯವರು, ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ, ಟಾಕೀಸಿನ ಹಿಂದಿನ ಚಾಳಿನಲ್ಲಿ ವಾಸ. ಶಶಿಪ್ರಭಾದಲ್ಲಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಳೆಯ ಚಿತ್ರಗಳು: ಮೂಕಿಚಿತ್ರ, ಕಪ್ಪು-ಬಿಳುಪಿನ ಚಿತ್ರ, ಬಿಡುಗಡೆಯಾದಾಗ ನಾಯಿಯೂ ಮೂಸದೆ ಈಗ ಜನ ಹುಚ್ಚರಂತೆ ಹುಡುಕಿಕೊಂಡು ಬರುವ ಚಿತ್ರ. ರೋಶನ್ ಅವರ ಎರಡು ಪ್ರೊಜೆಕ್ಟರುಗಳಲ್ಲಿ ಒಂದು ಕೆಟ್ಟು ಕೂತಿದೆ. ಹಾಗಾಗಿ ಪ್ರತಿ ರೀಲು ಮುಗಿದಾಗ ದೀಪ ಹತ್ತುತ್ತದೆ. ಮುಂದಿನ ರೀಲು ಏರಿಸಲು ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಅಣವೀರಪ್ಪನವರದು. ಚಿತ್ರದ ಭಾಷೆ ತಿಳಿಯದ ತಮ್ಮ ಕಡೆಯ ಕೆಲಸಗಾರರಿಗೂ ತಡವಾಗಿ ಬಂದವರಿಗೂ ಎದ್ದು ನಿಂತು ಅಲ್ಲಿಯವರೆಗಿನ ಕಥೆ ಹೇಳುತ್ತಾರೆ. "ಆಕಿ ಗಂಡ ಸತ್ತಿಲ್ರೀ, ಜಿಂದಾ ಹಾನ! ಖಿಡಕ್ಯಾಗ ನಿಂತು ನೋಡ್ಲಕತ್ತಾನ, ಈಕಿಗಿ ಖಬರೇ ಇಲ್ಲ!" ಹಿಂದಿನ ಸಾಲಿನಿಂದ ಯಾರೋ, "ಅರೇ ಕಾಕಾ, ಮುಂದಿಂದು ಹೇಳ್ಬೇಡ್ರೀ, ಮಜಾ ಹೋಗ್ತದ" ಎಂದು ಕೂಗುತ್ತಾರೆ. ಎಲ್ಲರೂ ನಗುತ್ತಾರೆ. ನಗುವುದಕ್ಕೂ ನಿಮ್ಮಲ್ಲಿ ಅರ್ಜಿ ನಮೂನೆ ಇದೆಯೇ?

ನನ್ನ ಯಜಮಾನರು ಶ್ರೀರಾಮ್, ಒಂದು ಭಾನುವಾರವೂ ಶಶಿಪ್ರಭಾ ತಪ್ಪಿಸದೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದವರು. ಗ್ಲಾಕೋಮಾದಿಂದ ಅವರ ಎರಡೂ ಕಣ್ಣು ಹೋಗಿ ಒಂದೂವರೆ ವರ್ಷವಾಯಿತು. "ಇನ್ನು ಸಿನಿಮಾ ಸಾಕು ಕಣೇ" ಎಂದು ಗೋಡೆಯ ಕಡೆ ತಿರುಗಿ ಮಲಗಿದವರನ್ನು ಎಬ್ಬಿಸುವುದು ನನ್ನಿಂದಾಗಲಿಲ್ಲ. ಸುದ್ದಿ ತಿಳಿದ ಅಣವೀರಪ್ಪ ವಡಾಲದ ನಮ್ಮ ಬಿಲ್ಡಿಂಗಿಗೇ ಬಂದರು. "ನಡೀರಿ ಸಾಹೇಬ್ರ. ನಾ ನೋಡ್ತೀನಿ, ನೀವು ಕೇಳ್ರಿ." ಅಂದಿನಿಂದ ಚಿತ್ರ ಓಡುವಾಗ ಯಜಮಾನರ ಕಿವಿಯಲ್ಲಿ ಮೆಲ್ಲಗೆ, ದೀಪ ಹತ್ತಿದಾಗ ಊರಿಗೆಲ್ಲ ಜೋರಾಗಿ. ನಾನು ಹೇಳಲು ಹೋದರೆ, "ನೀನು ಮೀಟಿಂಗಿನ ವರದಿ ಓದ್ತೀಯ ವಿಮಲಾ, ಅವನು ಸಿನಿಮಾ ತೋರಿಸ್ತಾನೆ" ಎನ್ನುತ್ತಾರೆ. ಬೀಗ ಬಿದ್ದ ಮೇಲೆ ಅಣವೀರಪ್ಪನವರ ಜೊತೆ ಘಾಟ್ಕೋಪರಿನ ಒಂದು ಮಾಲ್‌ನ ಚಿತ್ರಮಂದಿರಕ್ಕೂ ಹೋಗಿ ನೋಡಿದೆವು. ಹತ್ತೇ ನಿಮಿಷದಲ್ಲಿ ಟಾರ್ಚು ಹಿಡಿದವನೊಬ್ಬ ಬಂದು ಅವರ ಬಾಯಿ ಮುಚ್ಚಿಸಿದ.

ಈಗಲೂ ಭಾನುವಾರ ಎಂಟಕ್ಕೇ ಶೂ ಹಾಕಿಕೊಂಡು ಬಾಗಿಲ ಬಳಿ ಕೂರುತ್ತಾರೆ. "ಬೀಗ ತೆಗೆದ್ರಂತಾ?" ನಾನು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ತಿರುಗುತ್ತೇನೆ, ಕೂತಲ್ಲಿ ಕೂರಲಾಗುವುದಿಲ್ಲ, ಹಾಲು ಎರಡು ಸಲ ಉಕ್ಕಿಸಿದ್ದೇನೆ. ಏಕೆಂದು ಹೇಳಿಯೇಬಿಡುತ್ತೇನೆ. ನಿಮ್ಮ ಕಡತದಲ್ಲಿರುವ ಆ ದೂರು ಕೊಟ್ಟವಳು ನಾನೇ.

ಮೂರು ವರ್ಷದ ಹಿಂದೆ, ಮೊದಲ ಸಲ ಶಶಿಪ್ರಭಾಕ್ಕೆ ಹೋಗಿ ಬಂದ ದಿನವೇ ಬರೆದದ್ದು. ನಮ್ಮ ಮೈಸೂರು ಕಡೆಯವರಿಗೆ ಇದೊಂದು ರೋಗ. ಎದುರಿಗಿರುವ ಮನುಷ್ಯನಿಗೆ "ಸ್ವಲ್ಪ ಸುಮ್ಮನಿರಿ" ಎನ್ನಲು ಎಲ್ಲಿಲ್ಲದ ಸಂಕೋಚ; ಮನೆಗೆ ಬಂದು ವಿಷಯ, ಉಲ್ಲೇಖ, ಪ್ರತಿಗಳು ಎಂದು ಎರಡು ಪುಟ ದೂರು ಗೀಚಲು ಯಾವ ಸಂಕೋಚವೂ ಇಲ್ಲ. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಸವೆಸಿದ ಕೈ ಬೇರೆ. ಬರೆದೆ, ಅಂಚೆಗೆ ಹಾಕಿದೆ, ಮರೆತೆ. ನೀವು ಮರೆಯಲಿಲ್ಲ ನೋಡಿ! ವಡಾಲದಿಂದ ಹಾರ್ಬರ್ ಲೈನಿನ ರೈಲಿನಲ್ಲಿ ಹನ್ನೆರಡು ನಿಮಿಷಕ್ಕೆ ಸಿಗುವ ಕುರ್ಲಾ ನಿಮ್ಮ ಕಚೇರಿಗೆ ಮೂರು ವರ್ಷಕ್ಕೆ ಸಿಕ್ಕಿತು.

ದೂರು ಹಿಂತೆಗೆದುಕೊಳ್ಳುತ್ತೇನೆಂದು ಮೂರು ಸಲ ನಿಮ್ಮ ಮೆಟ್ಟಿಲು ಹತ್ತಿದೆ. "ಕಂಪ್ಲೇಂಟ್ ವಾಪಸ್ ನಹೀ ಹೋತಾ, ಮ್ಯಾಡಮ್. ಆಕ್ಷನ್ ಹೋ ಗಯಾ" ಎಂದರು ನಿಮ್ಮ ಗುಮಾಸ್ತರು. ಕೊಟ್ಟವಳೇ ಬೇಡವೆಂದರೂ ಬಿಡದ ಈ ನಿಷ್ಠೆ ಗಟಾರದ ಅರ್ಜಿಗಳ ಮೇಲೇಕೆ ಇಲ್ಲ, ಸ್ವಾಮಿ? ನೀವೇ ಒಂದು ಭಾನುವಾರ ಬಂದು ಆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದ್ದರೆ ಆದೇಶ ಬರೆಯಲು ಕೈ ಏಳುತ್ತಿತ್ತೇ?

ಅದಕ್ಕೇ ಈಗ ಪತ್ರಿಕೆಯಲ್ಲಿ ಬಹಿರಂಗವಾಗಿ ಕೇಳುತ್ತಿದ್ದೇನೆ: ಗುರುವಾರದೊಳಗೆ ಬೀಗ ತೆಗೆಯಿರಿ. ನನ್ನ ದೂರು ಸುಳ್ಳಲ್ಲ, ಆದರೆ ತಪ್ಪು, ತಪ್ಪೆಂದು ಬರೆದುಕೊಳ್ಳಿ. ವಿಚಾರಣೆಗೆ ಕರೆಯುವುದಾದರೆ ಅಣವೀರಪ್ಪನವರನ್ನಲ್ಲ, ನನ್ನನ್ನು ಕರೆಯಿರಿ.

ಇದು ನನ್ನ ಕೆಲಸವೆಂದು ಅಣವೀರಪ್ಪನವರಿಗೆ ಗೊತ್ತಿಲ್ಲ. ಯಜಮಾನರಿಗೂ ಗೊತ್ತಿಲ್ಲ. "ಯಾವ ಮನೆಹಾಳ ದೂರು ಕೊಟ್ಟನೋ" ಎಂದು ಆರು ವಾರದಿಂದ ಬೈಯುತ್ತಿದ್ದಾರೆ, ನಾನು ಹೂಂಗುಟ್ಟುತ್ತಿದ್ದೇನೆ. ನಮ್ಮ ಮನೆಯಲ್ಲಿ ಬೆಳಗಿನ ಪತ್ರಿಕೆಯನ್ನು ಅವರಿಗೆ ಓದಿ ಹೇಳುವವಳು ನಾನು. ಈ ಪತ್ರ ಅಚ್ಚಾದ ದಿನ ಇದನ್ನೂ ಓದುತ್ತೇನೆ, ಒಂದು ಸಾಲೂ ಬಿಡದೆ.

ಇಂತಿ, ತಲೆ ತಗ್ಗಿಸಿಕೊಂಡು,
ನಿಮ್ಮ ಕಡತದ 'ಜಾಗೃತ ನಾಗರಿಕಳು'
ವಿಮಲಾ, ವಡಾಲ