ತಿಗಣೆಮರಿಯ ಬುತ್ತಿ

ಹಸಿರುಮನೆಯ ಹಿಂದಿನ ಕೋಣೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಕೆಮ್ಮು ಹೇಗಿದೆ? ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಲ್ಲಬೇಕಾಗುತ್ತದೆಯೇ? "ಪರವಾಗಿಲ್ಲ" ಎಂದು ಬರೆಯಬೇಡ. ಆ ಮಾತನ್ನು ನಂಬುವುದನ್ನು ನಾನು ಎಂದೋ ಬಿಟ್ಟಿದ್ದೇನೆ.

ಹುರುಳಿಕಾಯಿ ಬಳ್ಳಿಗೆ ಮತ್ತೆ ಆ ರಸ ಹೀರುವ ತಿಗಣೆ ಬಿದ್ದಿದೆ. ನೀನು ವರ್ಷಗಟ್ಟಲೆ ವಿಷದ ಟ್ಯಾಂಕು ಬೆನ್ನಿಗೆ ಕಟ್ಟಿಕೊಂಡು ಹೊಡೆದದ್ದು ಇದಕ್ಕೇ. ತಿಗಣೆ ಹಾಗೇ ಇದೆ, ಕೆಟ್ಟದ್ದು ನಿನ್ನ ಎದೆ. ಇದ್ಯಾವ ನ್ಯಾಯ? ಕೃಷಿ ಮೇಳದಿಂದ ನಾನು ತರುತ್ತಿದ್ದ ಕರಪತ್ರಗಳನ್ನು ಒಲೆ ಹಚ್ಚಲು ಎತ್ತಿಡುತ್ತಿದ್ದೆಯಲ್ಲ, ಒಂದು ಹೇಗೋ ಉಳಿದುಕೊಂಡಿತ್ತು. ಈ ತಿಗಣೆಯ ಹೊಟ್ಟೆಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಇರುತ್ತದಂತೆ. ಅದಿಲ್ಲದೆ ಬರೀ ಬಳ್ಳಿಯ ರಸ ಕುಡಿದು ಮರಿ ಬೆಳೆಯದು. ಹುಟ್ಟುವಾಗ ಮರಿಯಲ್ಲಿ ಅದಿರುವುದಿಲ್ಲ, ತಾಯಿಯೇ ಕೊಡಬೇಕು. ಹಾಗಾದರೆ ತಿಗಣೆಗೇಕೆ ವಿಷ? ಆ ಬ್ಯಾಕ್ಟೀರಿಯಾವನ್ನು ಸೋಪುನೀರಿನಿಂದ ಕೊಂದರೆ ಸಾಕು! ಮಾಡಿ ನೋಡಲೆಂದು ಮೇಸ್ತ್ರಿಯನ್ನು ಕಾಡಿ ಬೇಡಿ ಒಂದು ಸಾಲು ಬಳ್ಳಿ ಪಡೆದೆ.

ಮೊದಲ ಸಲ, ಅದು ಮೊಟ್ಟೆಯ ಮೇಲೇ ಇರುತ್ತದೆಂದುಕೊಂಡು, ಮೊಟ್ಟೆಗಳನ್ನಷ್ಟೇ ಹುಡುಕಿ ಹುಡುಕಿ ತೊಳೆದೆ. ಮರಿಗಳು ದುಂಡುದುಂಡಗೆ ಬೆಳೆದವು. "ಏನೇ ಸೋಪುರಾಣಿ, ತಿಗಣೆಗೆ ಬಾಣಂತನ ಮಾಡ್ತಿದ್ದೀಯಾ?" ಎಂದು ಮೇಸ್ತ್ರಿ ನಕ್ಕ. ಸಿಟ್ಟಿನಲ್ಲೇ ಕರಪತ್ರವನ್ನು ಮತ್ತೆ ಓದಿದೆ. ಮೊಟ್ಟೆಗಳ ಪಕ್ಕ ಕಂದು ಕಾಳುಗಳಿರುತ್ತವಲ್ಲ, ನಾವೆಲ್ಲ ಹಿಕ್ಕೆ ಎಂದು ಕಡೆಗಣಿಸಿದ್ದು? ಹಿಕ್ಕೆಯಲ್ಲ ಅಮ್ಮಾ, ಬುತ್ತಿ! ತಾಯಿ ಬ್ಯಾಕ್ಟೀರಿಯಾ ತುಂಬಿ ಕಟ್ಟಿಟ್ಟು ಹೋಗುವ ಬುತ್ತಿ. ಹುಟ್ಟಿದ ಮರಿ ಮೊದಲು ಚೀಪುವುದು ಅದನ್ನೇ. ಈ ಸಲ ಸೋಪುನೀರನ್ನು ನೇರ ಅದಕ್ಕೇ ಹೊಡೆದೆ. ಮರಿಗಳು ಹೊರಬಂದವು, ಚೀಪಿದವು, ಬೇಕಾದದ್ದು ಸಿಗದೆ ಎಲೆಯ ತುಂಬ ಹುಡುಕುತ್ತ ಅಲೆದವು. ಒಂದು ಗಳಿಗೆ ಸೋಪಿನ ಬಾಟಲಿ ಕೆಳಗಿಟ್ಟೆ. ಆಮೇಲೆ ನಿನ್ನ ಕೆಮ್ಮು ನೆನಪಾಯಿತು. ಒಂದೊಂದಾಗಿ ಸೊರಗಿ ಉದುರಿದವು. ನನ್ನ ಸಾಲು ಹೂ ಬಿಟ್ಟು ನಿಂತಿದೆ.

ಮೇಸ್ತ್ರಿ ನೋಡಿದ, ನಗಲಿಲ್ಲ. ಆದರೂ, "ಒಂದು ಸಾಲು ಅಂದ್ರೆ ಇಡೀ ತೋಟ ಅಲ್ಲ ಕಣೇ. ನಾಳೆ ಟ್ಯಾಂಕು ನೀನೇ ಹೊರು. ಇಲ್ಲಾಂದ್ರೆ ನಿಮ್ಮಮ್ಮನಿಗೆ ಅಂತ ಇಟ್ಟಿರೋ ಕೆಲಸಾನೂ ಇಲ್ಲ" ಎಂದ. ಹೊರುವುದಿಲ್ಲ ಎಂದೆ. ಪಕ್ಕದ ಸಾಲಿನ ಅಕ್ಕಂದಿರಿಬ್ಬರು ನನ್ನ ಸೋಪಿನ ಬಾಟಲಿಯನ್ನು ತಮ್ಮ ಸಾಲಿಗೆ ಎತ್ತಿಕೊಂಡು ಹೋದರು.

ಮಾತ್ರೆ ತಪ್ಪಿಸಬೇಡ. ನಿನ್ನ ಜೊತೆ ಜಗಳವಾಡುವ ಆ ನರ್ಸಮ್ಮನಿಗೆ ನನ್ನ ನಮಸ್ಕಾರ. ಅವರ ಪಕ್ಷ ನನ್ನದು.

ಇಂತಿ, ನಿನ್ನ ಮೊಂಡು ಮಗಳು

ತಾ.ಕ.: ಗೂಟಕ್ಕೆ ನೇತುಹಾಕಿದ್ದ ನಿನ್ನ ಖಾಲಿ ಟ್ಯಾಂಕಿನ ತಳಕ್ಕೆ ಈಗಷ್ಟೇ ಮೊಳೆ ಹೊಡೆದು ತೂತು ಮಾಡಿದೆ. ನಿನ್ನ ಕೆಲಸ ಹೋಯಿತೆಂದೇ ತಿಳಿ; ನನ್ನದೂ ಹೋಗಬಹುದು. ಬೈಯುವುದಿದ್ದರೆ ಕಾಗದದಲ್ಲಿ ಬೇಡ. ನಡುವೆ ಎಲ್ಲೂ ನಿಲ್ಲದೆ ಬೈಯುವಷ್ಟು ಉಸಿರು ಕೂಡಿಸಿಕೊಂಡು ಬಾ.