ಎತ್ತದ ಕೈ

ಬ್ರಸೆಲ್ಸ್
ನವೆಂಬರ್ ೧೪, ಗುರುವಾರ

ಪ್ರೀತಿಯ ಅಣ್ಣ ಯೋರಿಸ್,

ಹೇಗಿದ್ದೀಯ? ಕೈನಡುಕ ಸ್ವಲ್ಪವಾದರೂ ಕಡಿಮೆಯಾಯಿತೆ? ಆ ಆರೈಕೆ ಮನೆಯಲ್ಲಿ ಸೂಪಿನ ಬಟ್ಟಲನ್ನು ಅರ್ಧಕ್ಕಷ್ಟೇ ತುಂಬಿಸಿ ಕೊಡುತ್ತಾರೆ, ಮಗುವಿಗೆ ಕೊಟ್ಟ ಹಾಗೆ, ಎಂದು ಹಿಲ್ಡಾ ಅತ್ತಿಗೆಯ ಹತ್ತಿರ ದೂರಿದೆಯಂತೆ. ಅರ್ಧ ಬಟ್ಟಲು ಎರಡು ಸಲ ಕುಡಿದರೆ ಒಂದಾಗುತ್ತದೆ, ಜಗಳ ತೆಗೆಯಬೇಡ. ಕಡಲ ಗಾಳಿಗೆ ಹೋಗುವುದಾದರೆ ಅಪ್ಪನ ಉಣ್ಣೆ ಟೋಪಿ ಹಾಕಿಕೋ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಆದರೆ ನಿಜಕ್ಕೂ ಸಾಕಾಗಿದೆ. ಮಂಡಿ ನೋವಿನಿಂದಲ್ಲ, ಕೆಲಸದಿಂದ.

ಆ ಕೆಲಸ ಏನೆಂದು ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಕ್ರಿಸ್‌ಮಸ್ ಊಟದಲ್ಲೂ ನೀನು ನನ್ನನ್ನು ಕೆಣಕುತ್ತಾ ಬಂದಿದ್ದೀಯ. "ನಮ್ ಲೀವೆ ಯುರೋಪನ್ನೇ ನಡೆಸ್ತಾಳೆ ಕಣ್ರಪ್ಪಾ, ಬಾಯಿ ಮಾತ್ರ ತೆಗೆಯೋ ಹಾಗಿಲ್ಲ." ಈ ಸಲ ಪೂರ್ತಿ ಕೇಳು, ನಿನಗೂ ಸಂಬಂಧ ಇದೆ. ಯುರೋಪಿನ ದೇಶಗಳೆಲ್ಲ ಕೂತು ಒಂದು ಕಾನೂನಿಗೆ ಕೈ ಎತ್ತುವಾಗ ನಮ್ಮ ಬೆಲ್ಜಿಯಮ್ಮಿಗೂ ಒಂದೇ ಕೈ. ಆದರೆ ಹೊಲ, ತೋಟ, ನೀರು, ಗಾಳಿ ಇವೆಲ್ಲ ಪ್ರಾಂತಗಳ ಪಾಲಿನ ವಿಷಯ. ಹಾಗಾಗಿ ನಮ್ಮ ಫ್ಲಾಂಡರ್ಸ್, ಆ ಕಡೆಯ ವಲೋನಿಯಾ, ಈ ಬ್ರಸೆಲ್ಸ್ ಪಟ್ಟಣ, ಮೇಲೆ ಕೇಂದ್ರದವರು, ಎಲ್ಲರನ್ನೂ ಮೊದಲು ನಾನು ಒಂದು ಮೇಜಿನ ಸುತ್ತ ಕೂರಿಸಬೇಕು. ಎಲ್ಲರೂ ಒಂದೇ ಮಾತು ಹೇಳಿದರೆ ಕೈ ಎತ್ತಬಹುದು. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ನಮ್ಮ ಪ್ರತಿನಿಧಿ ಅಲ್ಲಿ ಹೋಗಿ "ತಟಸ್ಥ" ಎಂದು ಹೇಳಿ ಕೂರುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ಮೇಜಿನ ಡ್ರಾಯರಿನಲ್ಲಿ ಆ ಒಕ್ಕಣೆಯ ಕಾಗದ ಮೊದಲೇ ಸಿದ್ಧವಾಗಿರುತ್ತದೆ, ದಿನಾಂಕ ತುಂಬಿದರೆ ಮುಗಿಯಿತು. ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಅಲ್ಲಿ ಎಣಿಸುವುದು ಹೂಂ ಅಂದವರನ್ನು ಮಾತ್ರ. ಸುಮ್ಮನಿದ್ದವನ ಮತವೂ ಬೇಡ ಅಂದವನ ಮತದ ಜೊತೆಗೇ ಬಿದ್ದುಹೋಗುತ್ತದೆ.

ಸೋಮವಾರ ಮೇಜಿಗೆ ಬಂದದ್ದು ಹಣ್ಣಿನ ತೋಟಗಳಲ್ಲಿ ಹೊಡೆಯುವ ಆ ಔಷಧಿಯನ್ನು ನಿಲ್ಲಿಸುವ ಕಾನೂನು. ಯಾವ ಔಷಧಿ ಎಂದು ನಿನಗೆ ನಾನು ಹೇಳಬೇಕಿಲ್ಲ, ನಲವತ್ತು ವರ್ಷ ನಿನ್ನ ಬೆನ್ನ ಮೇಲಿತ್ತು. ವಲೋನಿಯಾದ ಲಾಂಬೊತ್ ಮಹಾಶಯ ಕೋಟು ಬಿಚ್ಚುವ ಮೊದಲೇ ಹೂಂ ಎಂದ. ಬ್ರಸೆಲ್ಸ್‌ನಾಕೆ, "ನಮ್ಮೂರಲ್ಲಿ ತೋಟಾನೇ ಇಲ್ಲ, ಹೂಂ ಅನ್ನೋಕೆ ನನಗೇನ್ ಕಷ್ಟ" ಎಂದು ನಕ್ಕಳು. ಕೇಂದ್ರದವರೂ ಹೂಂ ಎಂದು ತಲೆಯಾಡಿಸಿದರು. ಉಳಿದವಳು ನಮ್ಮ ಫ್ಲಾಂಡರ್ಸ್‌ನ ರೈನ್‌ಹಿಲ್ಡೆ. ಕೆಟ್ಟವಳಲ್ಲ, ಪ್ರತಿ ಸಭೆಗೂ ಎಲ್ಲರಿಗೆಂದು ಸಕ್ಕರೆ ಬ್ರೆಡ್ಡು ತರುತ್ತಾಳೆ. ಅವಳು ಒಂದು ಕಾಗದದ ಕಟ್ಟನ್ನು ನನ್ನ ಕಡೆ ಸರಿಸಿ, "ನಾನೇನ್ ಮಾಡ್ಲಿ ಲೀವೆ, ಇವರೆಲ್ಲ ನಮ್ಮ ಕಡೆ ತೋಟದೋರು. ಔಷಧಿ ನಿಂತ್ರೆ ಪಿಯರ್ ಬೆಳೆ ಹೋಯ್ತು ಅಂತ ಬರ್ದಿದಾರೆ. ನಮ್ಮದು ಬೇಡ" ಎಂದಳು. ಸಹಿಗಳ ಹಾಳೆಗಳನ್ನು ಸುಮ್ಮನೆ ತಿರುವಿದೆ. ಮೂರನೆಯ ಹಾಳೆಯಲ್ಲಿ ನಿನ್ನ ಸಹಿ ಇತ್ತು. ಮೊದಲ ಅಕ್ಷರದ ಬಾಲ ನಡುಗುತ್ತಾ ಹೋಗಿ ಪಕ್ಕದವನ ಹೆಸರಿನ ಮೇಲೆ ಹತ್ತಿಬಿಟ್ಟಿತ್ತು.

ತೀರಿಹೋದ ನನ್ನ ಗಂಡನ ಮನೆತನದ ಹೆಸರನ್ನೇ ನಾನು ಇಟ್ಟುಕೊಂಡಿರುವುದರಿಂದ ನೀನು ನನ್ನ ಅಣ್ಣ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಸಭೆ ನಡೆಸುವವಳು ಯಾರ ಪರವಾಗಿಯೂ ಮಾತಾಡುವಂತಿಲ್ಲ. ಈ ಸಹಿ ಯಾಕೆ ನಡುಗಿದೆ ಕೇಳಿ ಎನ್ನಬೇಕೆನಿಸಿತು. ಬದಲಿಗೆ ಡ್ರಾಯರಿನ ಕಾಗದ ತೆಗೆದು ದಿನಾಂಕ ತುಂಬಿದೆ. ನಿನ್ನೆ ಮತ ಹಾಕಿದರು, ಕಾನೂನು ಬಿದ್ದುಹೋಯಿತು. ನಮ್ಮ ಒಂದು ಕೈ ಎದ್ದಿದ್ದರೆ ದಾಟುತ್ತಿತ್ತು. ಲಾಂಬೊತ್ ಫೋನು ಮಾಡಿ, "ಮೇಡಂ, ನಮ್ ದೇಶ ಮತ್ತೆ ಕೂತಲ್ಲೇ ತೂಕಡಿಸ್ತು" ಎಂದ. ನಗಲು ಹೋದೆ, ಆಗಲಿಲ್ಲ. ಈ ಏರ್ಪಾಡನ್ನು ನಾನು ಬೈಯುವುದಿಲ್ಲ. ಒಬ್ಬರ ಕತ್ತನ್ನು ಇನ್ನೊಬ್ಬರು ಹಿಸುಕದೆ ಇಷ್ಟು ದಿನ ಒಂದೇ ಸೂರಿನಡಿ ಇದ್ದೇವೆಂದರೆ ಅದರಿಂದಲೇ. ಆದರೆ ತುಂಬ ದಣಿದಿದ್ದೇನೆ, ಅಣ್ಣ. ನಿನ್ನ ಮೇಲೆ ಸಿಟ್ಟೂ ಇದೆ.

ಆಗಸ್ಟಿನಲ್ಲಿ ಡಾಕ್ಟರು ನಮ್ಮಿಬ್ಬರ ಮುಂದೆಯೇ ಹೇಳಿದ್ದು ನೆನಪಿದೆಯಲ್ಲ? "ಆಣೆ ಮಾಡಿ ಹೇಳಕ್ಕಾಗಲ್ಲ, ಆದ್ರೆ ಇಷ್ಟು ವರ್ಷದ ಔಷಧೀನೇ ಕಾರಣ ಅಂತ ನನಗನ್ಸುತ್ತೆ. ಮನೇಲಿ ಇನ್ಯಾರೂ ಆ ಪಂಪು ಮುಟ್ಟೋದು ಬೇಡ." ವಾಪಸು ಬರುವಾಗ ಕಾರಿನಲ್ಲಿ ನೀನು, "ಸ್ಟಾನ್‌ಗೆ ಹೇಳ್ಬೇಡ ಕಣೇ, ಹೇಳಿದ್ರೆ ತೋಟ ಬಿಟ್ಟು ಹೋಗ್ತಾನೆ" ಎಂದೆ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಕಳೆದ ಭಾನುವಾರ ತೋಟಕ್ಕೆ ಹೋಗಿದ್ದಾಗ ನಿನ್ನ ಮಗ ಸ್ಟಾನ್, ನೀನು ಔಷಧಿ ಹೊಡೆಯುವಾಗ ತೊಡುತ್ತಿದ್ದ ಮೇಲಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ. "ನೋಡಿ ಅತ್ತೆ, ಅಪ್ಪಂದು ನನಗೆ ಸರಿಯಾಗುತ್ತೆ. ಮಾರ್ಚಿಂದ ನಾನೇ ಹೊಡೀತೀನಿ" ಎಂದ. ತೋಳು ಉದ್ದವೂ ಆಗಲಿಲ್ಲ, ಗಿಡ್ಡವೂ ಆಗಲಿಲ್ಲ. ಆವತ್ತೂ ನಾನು ಕಾಫಿ ಕುಡಿದು ಬಂದೆ.

ಶನಿವಾರ ಅತ್ತಿಗೆ ಬರುತ್ತಾಳೆ, ಈ ಸಲದ ಪಿಯರ್ ಪಾಕದ ಬಾಟಲಿ ತರುತ್ತಾಳೆ. ಬ್ರೆಡ್ಡಿಗೆ ಅವಳೇ ಹಚ್ಚಿಕೊಡಲಿ, ಹಟ ಮಾಡಬೇಡ. ದೇವರು ನಿನ್ನ ಕೈಗೆ ಸ್ವಲ್ಪ ನೆಮ್ಮದಿ ಕೊಡಲಿ.

ನಿನ್ನ ತಂಗಿ,
ಲೀವೆ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಸ್ಟಾನ್‌ಗೆ ಫೋನು ಮಾಡಿದೆ. ಡಾಕ್ಟರು ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಆಮೇಲೆ, "ಅಪ್ಪಂಗೆ ಇದು ಗೊತ್ತಿತ್ತಾ ಅತ್ತೆ?" ಎಂದು ಕೇಳಿದ. ಗೊತ್ತಿತ್ತು ಎಂದೆ. ಶನಿವಾರ ಅತ್ತಿಗೆಯ ಬದಲು ಅವನೇ ಬರುತ್ತಾನಂತೆ.