ಮರಳ ದಿಬ್ಬಕ್ಕೆ ಹೋಗುವ ದಿನ

ಹಾತ್‌ಸಾಯ್
ಏಪ್ರಿಲ್ ೬

ಪ್ರೀತಿಯ ತಮ್ಮ ಸೀಸವತ್‌ಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಕೋಪಿಸಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತು ಕಿವಿಗೊಟ್ಟಿರುತ್ತಾಳೆ.

ರಾಜಧಾನಿಯ ನಿಯಂತ್ರಣ ಕೊಠಡಿಯಲ್ಲಿ ನಿನಗೆ ಬಡ್ತಿ ಸಿಕ್ಕಿದ್ದನ್ನು ಅಮ್ಮ ಊರಿಗೆಲ್ಲ ಸಾರಿ ಬಂದಳು. "ದೇಶದ ಕರೆಂಟೆಲ್ಲ ನನ್ನ ಮಗನ ಕೈಲಿದೆ. ಇವತ್ತು ಎಲ್ಲಿ ಕಲ್ಲಿದ್ದಲು ಉರೀಬೇಕು, ಯಾವ ಹೊಳೆ ನೀರು ಬಿಡಬೇಕು ಅಂತ ಅವನೇ ಹೇಳೋದು!" ಪಕ್ಕದ ಮನೆಯ ಚಂತಾ ಬಿಡುತ್ತಾಳೆಯೇ? "ಹಂಗಾದ್ರೆ ನಮ್ಮನೆ ಬಲ್ಬು ಯಾಕಮ್ಮಾ ಮಿಣುಕ್ ಮಿಣುಕ್ ಅಂತೈತೆ?" ಎಂದಳು. ಬಹಳ ದಿನದ ಮೇಲೆ ನಕ್ಕೆ.

ನಮ್ಮ ಕರೆಂಟು ಗಡಿಯಾಚೆ ಮಾರಾಟವಾಗುವುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಿನ ಪಟ್ಟಣದವರು ಸೆಕೆಯೆಂದು ಏಸಿ ಹಾಕಿದರೆ ಮೇಲಿನ ಅಣೆಕಟ್ಟೆಯ ಯಂತ್ರ ತಿರುಗುತ್ತದೆ, ಇಲ್ಲಿ ಹೊಳೆ ಏರುತ್ತದೆ. ಮಳೆಯಿಲ್ಲ, ಮೋಡವಿಲ್ಲ, ಸುಡು ಬಿಸಿಲಲ್ಲೇ ನೀರು ಬಂದುಬಿಡುತ್ತದೆ. ಈ ಸಲದ ಸೆಕೆ ಕಂಡರೆ ನನಗೆ ಭಯ.

ಮುಂದಿನ ವಾರ ಹೊಸ ವರ್ಷದ ಹಬ್ಬ. ಮಕ್ಕಳೆಲ್ಲ ಹೊಳೆ ನಡುವಿನ ದಿಬ್ಬದಲ್ಲಿ ಮರಳಿನ ಸ್ತೂಪ ಕಟ್ಟಲು ಕಾಯುತ್ತಿದ್ದಾರೆ. ನೀರು ಬಿಡುವಾಗ ಕೂಗಬೇಕಾದ ಸೈರನ್ ಇನ್ನೂ ಕೆಟ್ಟೇ ಇದೆ. ಊರ ಮುಖ್ಯಸ್ಥರನ್ನು ಕೇಳಿದರೆ, "ಮೇಲಿನೋರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗೋಯ್ತು ಕಣವ್ವಾ. ಹಬ್ಬ ಬ್ಯಾಡ ಅಂದ್ರೆ ಜನ ಕೇಳ್ತಾರಾ?" ಎಂದರು. ಅಮ್ಮನಂತೂ ದಿಬ್ಬದ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ.

ತಮ್ಮಾ, ನಿನ್ನನ್ನು ಬೇಡಿಕೊಳ್ಳುತ್ತೇನೆ. ಈಗ ಕಲ್ಲಿದ್ದಲೂ ಇದೆ, ಸೌರ ಫಲಕಗಳೂ ಬಂದಿವೆ ಎಂದು ನೀನೇ ಬರೆದಿದ್ದೆ. ಹಬ್ಬದ ದಿನವೊಂದು ಅವುಗಳಲ್ಲೇ ಸುಧಾರಿಸಿ, ನಮ್ಮ ಹೊಳೆಯನ್ನು ಬಿಟ್ಟುಬಿಡಿ. ಆಗುವುದೇ ಇಲ್ಲವೆಂದರೆ, ನೀರು ಬಿಡಲು ಹೇಳುವ ಮುಂಚೆ ನನಗೊಂದು ಫೋನ್ ಮಾಡು. ಓಡಿಹೋಗಿ ಎಲ್ಲರನ್ನೂ ದಡ ಹತ್ತಿಸುತ್ತೇನೆ.

ಹಬ್ಬದಲ್ಲಿ ಹರಸಿ ನಿನ್ನ ಮಣಿಕಟ್ಟಿಗೆ ಕಟ್ಟಲು ಬಿಳಿ ದಾರ ತೆಗೆದಿಟ್ಟಿದ್ದೇನೆ. ನಿನ್ನ ಜೀವ ಎಲ್ಲಿ ಅಲೆದರೂ ನಿನ್ನೊಳಗೇ ಮರಳಿ ಬರಲಿ, ತಣ್ಣಗೆ ಬಾಳು.

ನಿನ್ನ ಅಕ್ಕ,
ದುವಂಗ್‌ಚನ್

ತಾ.ಕ.: ನನ್ನ ಮಗಳು ದಾವ್ ಹೋದ ವರ್ಷ ಜ್ವರ ಬಂದು ತೀರಿಕೊಂಡಳೆಂದು ನಿನಗೆ ತಿಳಿಸಿದ್ದೆವು. ಜ್ವರವಲ್ಲ. ನೀರು ಬಂದಾಗ ಅವಳು ದಿಬ್ಬದ ಮೇಲಿದ್ದಳು. "ಅವನಿಗೆ ಹೇಳಬೇಡ ಕಣೇ, ಆವತ್ತು ಡ್ಯೂಟಿ ಅವನದೇ ಇತ್ತು" ಎಂದು ಅಮ್ಮ ನನ್ನ ಬಾಯಿ ಮುಚ್ಚಿದಳು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಫೋನ್ ಮಾತ್ರ ಮಾಡು.